ಕೊನೆಯಲ್ಲಿ ಓದಿದ ಹೆಸರು

"ಯಾರ್ರೀ ಅದು ಸಿಳ್ಳೆ ಹಾಕ್ತಿರೋದು? ಮೊದಲು ನಿಲ್ಲಿಸಿ!"

ಸೈಮಿಯ ದನಿ ಕೇಳಿ ಡ್ರೆಸ್ಸಿಂಗ್ ರೂಮಿನ ಓಣಿಯಲ್ಲಿದ್ದವರೆಲ್ಲ ಗಪ್‌ಚಿಪ್ ಆದರು. ಪರದೆ ಏಳುವುದಕ್ಕೆ ಇನ್ನು ಸ್ವಲ್ಪವೇ ಹೊತ್ತು. ಹೊರಗೆ ಕುರ್ಚಿಗಳೆಲ್ಲ ತುಂಬಿಹೋಗಿವೆ. ಇಂಥ ಹೊತ್ತಿನಲ್ಲಿ ರಂಗದ ಹಿಂದೆ ಸಿಳ್ಳೆಯೇ!

ಸಿಳ್ಳೆ ಹಾಕುತ್ತಿದ್ದವನು ತಿರುಗಿ ನೋಡಿದ. ಎತ್ತರದ ಆಳು. ಕಿವಿಯ ಪಕ್ಕದಲ್ಲಿ ನರೆ ಇಣುಕಿತ್ತು. ಕಂಕುಳಲ್ಲಿ ಸಂಗೀತದ ಹಾಳೆಗಳ ಕಟ್ಟು. ಸೈಮಿ ಅವನನ್ನು ಹಿಂದೆಂದೂ ನೋಡಿರಲಿಲ್ಲ.

"ನನಗಾ ಹೇಳ್ತಿರೋದು?"

"ಮತ್ತಿನ್ಯಾರಿಗೆ, ಗೋಡೆಗಾ? ನಡೀರಿ ಹೊರಗೆ."

"ಹೊರಗಾ? ನಾನು ಪಿಯಾನೋ ನುಡಿಸೋನು ಕಣ್ರೀ..."

"ನೀವು ಈ ದೇಶದ ಅಧ್ಯಕ್ಷರೇ ಆಗಿರಿ. ಹಿಂಬಾಗಿಲಿಂದ ಹೊರಗೆ ಹೋಗಿ, ನಿಂತಲ್ಲೇ ಮೂರು ಸುತ್ತು ತಿರುಗಿ, ಬಾಗಿಲು ತಟ್ಟಿ 'ಒಳಗೆ ಬರಲಾ' ಅಂತ ಕೇಳ್ಬೇಕು. ರಂಗದ ಹಿಂದೆ ಸಿಳ್ಳೆ ಹಾಕಿದ್ರೆ ಆಟ ಕೆಡುತ್ತೆ."

"ನೀವಿದನ್ನ ನಿಜವಾಗ್ಲೂ ನಂಬ್ತೀರಾ?"

"ನಂಬಲ್ಲ. ಆದ್ರೆ ಮಾಡಿಸ್ತೀನಿ!"

ಆತ ಹೊರಗೆ ಹೋದ. ಬಾಗಿಲಿನ ಗಾಜಿನಲ್ಲಿ ಸೈಮಿಗೆ ಕಾಣಿಸಿತು... ಎರಡೂ ಕೈ ಚಾಚಿಕೊಂಡು, ಕಣ್ಣು ಮುಚ್ಚಿಕೊಂಡು, ಪೂಜೆಗೆ ಕೂತವನಷ್ಟು ಶ್ರದ್ಧೆಯಿಂದ ಅವನು ತಿರುಗುತ್ತಿದ್ದ. ಆಮೇಲೆ ಬಾಗಿಲು ಮೆಲ್ಲಗೆ ತಟ್ಟಿದ ಸದ್ದಾಯಿತು.

"ಒಳಗೆ ಬರಲಾ, ಮೇಡಂ?"

ನಗು ಬರದಿರಲೆಂದು ಸೈಮಿ ತುಟಿ ಕಚ್ಚಿಕೊಂಡಳು. "ಬನ್ನಿ."

ಪಕ್ಕದಲ್ಲಿ ಹಾದುಹೋಗುವಾಗ ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು ನಕ್ಕ. ಅಷ್ಟೇ. ಸೈಮಿಯ ಕಣ್ಣು ಅವನ ಬೆನ್ನ ಹಿಂದೆಯೇ ಓಣಿಯ ತುದಿಯವರೆಗೂ ಹೋಯಿತು. 'ಇದೇನಿದು... ಈ ವಯಸ್ಸಲ್ಲಿ!' ಎಂದು ತನ್ನನ್ನೇ ಗದರಿಸಿಕೊಂಡು ಅವಳು ಹೆಡ್‌ಫೋನ್ ಕಿವಿಗೇರಿಸಿದಳು.

ಸುಪೀರಿಯರ್ ಸರೋವರದ ದಂಡೆಯಲ್ಲಿರುವ ಕೆಟಲ್ ಹಾರ್ಬರಿನಲ್ಲಿ ನಾಟಕ ಎಂದರೆ ಹಳೇ ಫೈರ್ ಸ್ಟೇಷನ್. ಬೆಂಕಿ ಆರಿಸುವ ಗಾಡಿಗಳು ನಿಲ್ಲುತ್ತಿದ್ದ ಜಾಗದಲ್ಲಿ ಈಗ ರಂಗವಿದೆ. ಊರಿನ ಬೇಕರಿಯವರು, ನರ್ಸುಗಳು, ಮೀನು ಹಿಡಿಯುವವರು ಎಲ್ಲ ಸೇರಿ, ಹಗಲೆಲ್ಲ ದುಡಿದು, ಸಂಜೆ ಇಲ್ಲಿ ರಾಜರಾಣಿಯರಾಗುತ್ತಾರೆ. ಸೈಮಿ ಹೈಕಿಲ ಹಗಲಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಾಳೆ, ಸಂಜೆ ಈ ರಂಗವನ್ನು ನಡೆಸುತ್ತಾಳೆ. ಯಾವ ದೀಪ ಯಾವಾಗ ಹತ್ತಬೇಕು, ಯಾರು ಯಾವ ಕಡೆಯಿಂದ ಬರಬೇಕು ಎಲ್ಲ ಅವಳ ಬಾಯಲ್ಲೇ. ಕಪ್ಪು ಬಟ್ಟೆ ತೊಟ್ಟು ಕತ್ತಲಲ್ಲಿ ನಿಲ್ಲುವ ಅವಳನ್ನು ಪ್ರೇಕ್ಷಕರು ಯಾರೂ ಕಂಡವರಲ್ಲ.

ಅವತ್ತು ಜೂನ್ ತಿಂಗಳ ಸಂಭ್ರಮ. ಬರುವ ಸೀಸನ್‌ನಲ್ಲಿ ಏನೇನು ಆಡುತ್ತೇವೆ ಎಂದು ಊರಿಗೆ ಸಾರುವ ಸಂಜೆ. ಬೇಕರಿಯ ವರ್ನಾ ರಂಗದ ಮೇಲೆ ನಿಂತು ಹೇಳತೊಡಗಿದಳು. ಎಪ್ಪತ್ತು ದಾಟಿದರೂ ಆಕೆಯ ಗಂಟಲು ಮಾತ್ರ ಇನ್ನೂ ಇಪ್ಪತ್ತರದ್ದು.

"ಅಕ್ಟೋಬರಿಗೆ ಒಂದು ಕೊಲೆ, ನಗ್ತಾ ನಗ್ತಾ! ಕ್ರಿಸ್‌ಮಸ್‌ಗೆ ಮಕ್ಕಳದು. ಫೆಬ್ರವರಿಗೆ ಅಳೋ ನಾಟಕ, ಕರ್ಚೀಫ್ ನೀವೇ ತರ್ಬೇಕು. ಮೇ ತಿಂಗಳಿಗೆ ಹಾಡಿನ ನಾಟಕ, ನಮ್ಮ ಮ್ಯೂಸಿಕಲ್, 'ನಲವತ್ತು ಚಳಿಗಾಲ'! ನಿರ್ದೇಶನ ನಂದು. ಸಂಗೀತ ನಮ್ಮ ಚರ್ಚಿಗೆ ಆರ್ಗನ್ ನುಡಿಸೋಕೆ ಹೊಸದಾಗಿ ಬಂದಿರೋ ರಸೆಲ್ ಟ್ರೆಲೋರ್ ಅವರದು. ಬಾಪ್ಪಾ, ಆ ಮೊದಲನೇ ಹಾಡು ನುಡಿಸು."

ಗಂಡ ನೀರುಪಾಲಾದ ಮೇಲೆ ದೀಪಸ್ತಂಭವನ್ನು ತಾನೊಬ್ಬಳೇ ಕಾದ ಹೆಂಗಸಿನ ಕಥೆ ಅದು. ರಸೆಲ್ ನುಡಿಸಿದ. ಹಾಡುವವರು ಇನ್ನೂ ಯಾರೂ ಇರಲಿಲ್ಲ, ಬರೀ ಪಿಯಾನೋ. ರಂಗದ ಪಕ್ಕದ ಕತ್ತಲಲ್ಲಿ, ಸ್ಕ್ರಿಪ್ಟಿನಲ್ಲಿ ಓದಿದ್ದ ಆ ಹಾಡಿನ ಸಾಲುಗಳಿಗೆ ಸೈಮಿಯ ತುಟಿಗಳು ತಾವಾಗಿಯೇ ಅಲ್ಲಾಡಿದವು.

ಕಾರ್ಯಕ್ರಮ ಮುಗಿದ ಮೇಲೆ ಅವನು ನೇರವಾಗಿ ಅವಳ ಹತ್ತಿರವೇ ಬಂದ.

"ನೀವು ಹಾಡ್ತಿದ್ರಿ."

"ಇಲ್ವಲ್ಲ."

"ಹಾಡ್ತಿದ್ರಿ. ನಾನು ನೋಡ್ದೆ. ಈ ಹಾಡುಗಳನ್ನ ಈ ಊರಿನವರ ಗಂಟಲಿಗೆ ಹೊಂದಿಸ್ಬೇಕು. ಯಾರಾದ್ರೂ ಹಾಡಿ ತೋರಿಸಿದ್ರೆ ನನಗೆ ಸುಲಭ. ಶನಿವಾರ ಬರ್ತೀರಾ?"

"ನನಗೆ ಪರದೆ ಹೊಲಿಯೋದಿದೆ."

"ಹೊಲೀತಾ ಹಾಡಿ."

ಹಾಗೆ ಶುರುವಾಯಿತು ಅವರ ಶನಿವಾರ.

ಬೇಸಿಗೆಯುದ್ದಕ್ಕೂ ಅದೇ. ಬೆಳಗಿನ ಬಿಸಿಲು ಹಿಂದೆ ಗಾಡಿಗಳು ಓಡಾಡುತ್ತಿದ್ದ ದೊಡ್ಡ ಬಾಗಿಲಿನಿಂದ ಒಳಗೆ ಬೀಳುತ್ತಿತ್ತು. ವರ್ನಾಳ ಬೇಕರಿಯಿಂದ ಏಲಕ್ಕಿ ಹಾಕಿದ, ನಿಸು ಎನ್ನುವ ಸಿಹಿ ಬ್ರೆಡ್ ಬರುತ್ತಿತ್ತು, ಫ್ಲಾಸ್ಕಿನಲ್ಲಿ ಕಾಫಿ. ಸೈಮಿ ಮೊದಮೊದಲು ಗುನುಗುತ್ತಿದ್ದಳು. ಜುಲೈ ಹೊತ್ತಿಗೆ ಹೊಲಿಗೆ ಮಡಿಲಿನಿಂದ ಜಾರಿ ಕೆಳಗೆ ಬಿದ್ದದ್ದೂ ಗೊತ್ತಾಗದೆ ಹಾಡುತ್ತಿದ್ದಳು.

ಅವಳದ್ದು ತೆಳುವಾದ, ಸಿಹಿಯಾದ ದನಿಯಲ್ಲ. ತುಸು ಒರಟು. ಆದರೆ ದೀಪಸ್ತಂಭದ ಹೆಂಗಸು ಇದ್ದಿದ್ದರೆ ಹೀಗೇ ಹಾಡುತ್ತಿದ್ದಳು ಅನ್ನಿಸುವಂಥದ್ದು. ರಸೆಲ್ ಎಷ್ಟೋ ಸಲ ಹಾಡು ಮುಗಿದ ಮೇಲೂ ಕೈಯನ್ನು ಪಿಯಾನೋ ಮೇಲೆಯೇ ಇಟ್ಟುಕೊಂಡು ಸುಮ್ಮನೆ ಕೂತುಬಿಡುತ್ತಿದ್ದ.

"ಈ ಪಾತ್ರಕ್ಕೆ ನೀವ್ಯಾಕೆ ಆಡಿಷನ್ ಕೊಡಬಾರ್ದು?" ಒಂದು ದಿನ ಕೇಳಿಯೇಬಿಟ್ಟ.

ಸೈಮಿ ನಕ್ಕುಬಿಟ್ಟಳು. "ನಮ್ಮಮ್ಮನ್ನ ನೀವು ನೋಡಿಲ್ಲ. ಹಿಲ್ಯಾ ಹೈಕಿಲ. ಪಾರ್ಟೀಲಿ ಕೊನೇ ತುಂಡು ಕೇಕ್ ಉಳಿದ್ರೆ, ಹೊಟ್ಟೆ ಹಸಿದು ಸಾಯ್ತಿದ್ರೂ ನಮ್ಮನೆಯವರು ಕೈ ಚಾಚಲ್ಲ. 'ನಂಗೆ ಬೇಕು' ಅನ್ನೋ ಮಾತು ನಮ್ಮನೇಲಿ ಯಾರ ಬಾಯಲ್ಲೂ ಬಂದಿಲ್ಲ. ಕೊಟ್ರೆ ತಗೋ, ಕೇಳ್ಬೇಡ. ಅಷ್ಟೇ."

"ಕೇಳ್ದೇನೇ ಸಿಕ್ಕಿದ್ದೇನಾದ್ರೂ ಇದೆಯಾ?"

ಸೈಮಿ ಹೊಲಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು. ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದಂತೆ ನಟಿಸಿದಳು. ಕಣ್ಣು ಮಂಜಾಗಿತ್ತು.

ಅಳೆದೂ ಸುರಿದೂ, ಆಗಸ್ಟ್ ಕೊನೆಯ ಶನಿವಾರ ಅವಳು ಆಡಿಷನ್‌ಗೆ ಬಂದು ನಿಂತಳು.

ಇಡೀ ಸೀಸನ್‌ನ ನಾಲ್ಕೂ ನಾಟಕಗಳಿಗೆ ಆಯ್ಕೆ ಅವತ್ತೇ. ಮ್ಯೂಸಿಕಲ್‌ಗೆ ಆರಿಸುವವರು ಮೂವರು. ವರ್ನಾ, ರಸೆಲ್, ದೀಪ ನೋಡಿಕೊಳ್ಳುವ ಮುದುಕ ಆರ್ವೋ. ಒಬ್ಬೊಬ್ಬರ ಹಾಡು ಮುಗಿದ ಕೂಡಲೇ ಮೂವರೂ ತಲೆಗೆ ತಲೆ ಕೊಟ್ಟು ಪಿಸುಗುಟ್ಟುತ್ತಿದ್ದರು. ಪಾತ್ರಗಳನ್ನು ಸಾರುವ ಮಂಗಳವಾರದವರೆಗೂ ಆರಿಸುವವರು ಆಡಿಷನ್ ಕೊಟ್ಟವರ ಜೊತೆ ಮಾತಾಡುವಂತಿಲ್ಲ. ಈ ನಿಯಮ ತಂದವಳು ಸೈಮಿಯೇ!

ಅವಳ ಸರದಿ ಬಂತು. ರಸೆಲ್ ತಲೆಯೆತ್ತಿ ನೋಡಲಿಲ್ಲ, ಸುಮ್ಮನೆ ನುಡಿಸತೊಡಗಿದ. ಸೈಮಿ ಕಣ್ಣು ಮುಚ್ಚಿ ಹಾಡಿದಳು. ಬದುಕಿನಲ್ಲಿ ಮೊದಲ ಸಲ, ಬಾಯಿಬಿಟ್ಟು, 'ಇದು ನನಗೆ ಬೇಕು' ಎಂದು ಹೇಳಿದಂತೆ ಹಾಡಿದಳು.

ಹಾಡು ಮುಗಿಯಿತು.

ಕಣ್ಣು ಬಿಟ್ಟರೆ... ರಸೆಲ್ ಸ್ಟೂಲು ಹಿಂದಕ್ಕೆ ತಳ್ಳಿ ಎದ್ದಿದ್ದ. ಅವಳತ್ತ ನೋಡದೆ, ಪಕ್ಕದ ಬಾಗಿಲಿನಿಂದ ಹೊರಟೇಹೋದ!

"ಥ್ಯಾಂಕ್ಯೂ ಸೈಮಿ," ಎಂದಳು ವರ್ನಾ, ಮುಖದಲ್ಲಿ ಏನನ್ನೂ ತೋರಿಸದೆ. "ನೀನಿನ್ನು ಹೋಗ್ಬಹುದು."

ಬೇರೆ ಯಾರ ಹಾಡು ಮುಗಿದಾಗಲೂ ಅವನು ಹಾಗೆ ಎದ್ದಿರಲಿಲ್ಲ. 'ಕೇಳೋಕೂ ಆಗದಷ್ಟು ಕೆಟ್ಟದಾಗಿತ್ತಾ? ಹಾಗಾದ್ರೆ ಈ ಬೇಸಿಗೆಯೆಲ್ಲಾ ನನ್ನ ಸಮಾಧಾನಕ್ಕೆ ಹೊಗಳಿದ್ದಾ?'

ಇಷ್ಟಕ್ಕೇ ಮುಗಿಯಲಿಲ್ಲ. ಅನುಮಾನ ಇದ್ದವರನ್ನು ಇನ್ನೊಂದು ಸಲ ಹಾಡಿಸಿ ನೋಡಲು ಮರುದಿನ ಮತ್ತೆ ಕರೆಸುತ್ತಾರೆ. ಅದಕ್ಕೆ ಕಾಲ್‌ಬ್ಯಾಕ್ ಅನ್ನುತ್ತಾರೆ. ಆ ಸಂಜೆ ಊರಿನ ಮೂವರು ಹೆಂಗಸರಿಗೆ ಫೋನ್ ಹೋಯಿತು. ಸೈಮಿಯ ಫೋನ್ ಅಡುಗೆಮನೆಯ ಮೇಜಿನ ಮೇಲೆ ತೆಪ್ಪಗೆ ಬಿದ್ದಿತ್ತು.

"ಯಾರ ಫೋನಿಗೆ ಕಾಯ್ತಿದ್ದೀಯೇ?" ಎಂದು ಅಮ್ಮ ಹಿಲ್ಯಾ ಕೇಳಿದಳು.

"ಯಾರದ್ದೂ ಇಲ್ಲಮ್ಮ."

ಹಿಲ್ಯಾ ಮಗಳ ಮುಖವನ್ನೇ ನೋಡಿದಳು. ಆ ಮನೆಯಲ್ಲಿ ಬೇಕು ಎನ್ನುವುದು ಹೇಗಿಲ್ಲವೋ, ಏನಾಯಿತು ಎಂದು ಕೆದಕುವುದೂ ಹಾಗೇ ಇಲ್ಲ. ಆಕೆ ಸುಮ್ಮನೆ ಇನ್ನೊಂದು ಲೋಟ ಕಾಫಿ ತಂದಿಟ್ಟಳು.

ಇಷ್ಟು ವರ್ಷ, ಫೋನ್ ಬರಲಿಲ್ಲವೆಂದು ಅಳುವ ಎಷ್ಟು ಜನರಿಗೆ ಸೈಮಿ ಬುದ್ಧಿ ಹೇಳಿಲ್ಲ! 'ಕಾಲ್‌ಬ್ಯಾಕ್ ಬರ್ಲಿಲ್ಲ ಅಂದ್ರೆ ಪಾತ್ರ ಸಿಗಲ್ಲ ಅಂತಲ್ಲ ಕಣೇ. ಒಂದೊಂದು ಸಲ ಮೊದಲ ಹಾಡಿಗೇ ತೀರ್ಮಾನ ಆಗಿರುತ್ತೆ' ಎಂದು ಕಣ್ಣೊರೆಸಿ ಕಳಿಸಿದವಳು ಅವಳೇ. ತನ್ನ ಪಾಲಿಗೆ ಬಂದಾಗ ಆ ಮಾತು ನೆನಪಿಗೂ ಬರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಮ್ಮನೆ ಅಲ್ಲ.

ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಕಾಫಿಗೆ ನಿಂತಿದ್ದಾಗ ಅವಳು ರಸೆಲ್‌ನ ಎದುರಿಗೇ ಬಂದುಬಿಟ್ಟಳು. ಅವನ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದ. ಆಮೇಲೆ ಲೋಟವನ್ನು ಅಲ್ಲೇ ಇಟ್ಟು, ಮೆಟ್ಟಿಲು ಹತ್ತಿ ಆರ್ಗನ್ ಇರುವ ಅಟ್ಟಕ್ಕೆ ಹೋಗಿಬಿಟ್ಟ.

ಗಾಯದ ಮೇಲೆ ಬರೆ ಎಳೆದಂತಾಯಿತು.

'ಅಮ್ಮ ಹೇಳಿದ್ದೇ ಸರಿ. ಕೇಳಬಾರದಿತ್ತು. ಪಾತ್ರಾನೂ ಹೋಯ್ತು, ಶನಿವಾರಗಳೂ ಹೋದ್ವು...'

ಯಾವುದು ಹೋಗಿದ್ದಕ್ಕೆ ಎದೆ ಹೆಚ್ಚು ನೋಯುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ನೋವು ಇಮ್ಮಡಿಯಾಗಿತ್ತು.

ಸೋಮವಾರ ಬೆಳಗ್ಗೆ ಬೇಕರಿಗೆ ಹೋಗಿ, ನಾಟಕಶಾಲೆಯ ಬೀಗದಕೈ ಗೊಂಚಲನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟಳು.

"ಏನೇ ಇದು?" ವರ್ನಾಳ ಕೈಯಲ್ಲಿದ್ದ ಹಿಟ್ಟು ಹಾಗೇ ನಿಂತಿತು.

"ಈ ಸೀಸನ್ ನಾನು ಬರಲ್ಲ. ಸ್ವಲ್ಪ ದಣಿವಾಗಿದೆ."

"ದಣಿವು? ನಿಂಗೆ? ಕಾಲು ಮುರ್ಕೊಂಡಾಗ್ಲೂ ಕುಂಟ್ಕೊಂಡು ಬಂದು ದೀಪ ಹಾಕ್ಸಿದವಳು ನೀನು!"

"ಇಷ್ಟು ವರ್ಷ ಏನೂ ಕೇಳಿಲ್ಲ ನಾನು. ಇದೊಂದು ಕೇಳ್ತಿದ್ದೀನಿ. ಬಿಟ್ಬಿಡಿ ನನ್ನ."

ವರ್ನಾ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಬಾಯಿಗೆ ಬೀಗ ಹಾಕಿಕೊಂಡು ಒದ್ದಾಡುವ ಆಕೆಯನ್ನು ಬೇಕರಿಯಲ್ಲಿದ್ದವರು ಅವತ್ತೇ ಮೊದಲು ನೋಡಿದ್ದು.

"ನೀನೇ ಮಾಡಿದ ನಿಯಮ ಹಾಳಾಗ್ಲಿ! ನಾಳೆ ಸಂಜೆವರೆಗೂ ತಡ್ಕೊಳೇ, ಕೈ ಮುಗೀತೀನಿ."

ಸೈಮಿ ತಲೆಯಾಡಿಸಿ ಹೊರಟುಹೋದಳು. ಬೀಗದಕೈ ಅಲ್ಲೇ ಉಳಿಯಿತು.

ಮಂಗಳವಾರ ಮಧ್ಯಾಹ್ನ. ನಾಳೆ ಶಾಲೆ ತೆರೆಯುತ್ತದೆ, ಅಷ್ಟರೊಳಗೆ ಬಸ್ಸು ತೊಳೆದಿಡಬೇಕು. ಶೆಡ್ಡಿನ ಮುಂದೆ ಬಿಸಿಲಿನಲ್ಲಿ ನಿಲ್ಲಿಸಿದ ಹಳದಿ ಬಸ್ಸಿನೊಳಗೆ ಸೈಮಿ ಕಸ ಗುಡಿಸುತ್ತಿದ್ದಾಗ ಮೆಟ್ಟಿಲ ಹತ್ತಿರ ನೆರಳು ಬಿತ್ತು.

ರಸೆಲ್! ಓಡಿಬಂದಿದ್ದ. ಏದುಸಿರು ಬಿಡುತ್ತಿದ್ದ.

"ಬೀಗದಕೈ ಕೊಟ್ರಂತೆ?"

"ನೀವು ನನ್ ಹತ್ರ ಮಾತಾಡಬಾರದು. ಸಂಜೆವರೆಗೂ..."

"ಗೊತ್ತು! ಮೂರು ದಿನದಿಂದ ಅದೊಂದಕ್ಕೇ ಬಾಯಿ ಮುಚ್ಕೊಂಡು ಸಾಯ್ತಿದ್ದೀನಿ. ಚರ್ಚಲ್ಲಿ ಎದುರಿಗೆ ಬಂದಾಗ ಇನ್ನೊಂದು ನಿಮಿಷ ನಿಂತಿದ್ರೆ ಎಲ್ಲಾ ಹೇಳ್ಬಿಡ್ತಿದ್ದೆ, ಅದಕ್ಕೇ ಓಡಿಹೋದೆ. ಈಗ ನಿಯಮ ಮುರಿದಿದ್ದೀನಿ. ಈ ಸೀಸನ್‌ನಿಂದ ನನ್ನ ತೆಗೆದು ಹಾಕಿದ್ರೂ ಪರವಾಗಿಲ್ಲ."

ಸೈಮಿ ಪೊರಕೆಯನ್ನು ಎದೆಗೆ ಅವುಚಿಕೊಂಡು ನಿಂತಳು. "ಎದ್ದು ಹೋದ್ರಲ್ಲ ನೀವು... ನಾನು ಹಾಡಿದ ತಕ್ಷಣ. ಎಲ್ಲರ ಎದುರಿಗೆ."

"ಹೌದು, ಹೋದೆ." ಅವನು ಮೊದಲ ಸೀಟಿನಲ್ಲಿ ಕುಸಿದು ಕೂತ. "ನಾನು ನ್ಯಾಯವಾಗಿ ಆರಿಸೋ ಸ್ಥಿತೀಲಿ ಇರ್ಲಿಲ್ಲ ಸೈಮಿ. ಹಿಂದಿನ ದಿನವೇ ವರ್ನಾ ಹತ್ರ ಹೋಗಿ ಹೇಳಿದ್ದೆ. 'ಸೈಮಿ ಹಾಡೋಕೆ ಬಂದ್ರೆ ಅವ್ರ ವಿಷಯದಲ್ಲಿ ನನ್ನ ಮಾತು ಲೆಕ್ಕಕ್ಕೆ ತಗೋಬೇಡಿ. ನುಡಿಸ್ತೀನಿ, ಎದ್ದು ಹೋಗ್ತೀನಿ. ನೀವೂ ಆರ್ವೋನೂ ತೀರ್ಮಾನ ಮಾಡಿ' ಅಂತ."

"ಯಾಕೆ?"

"ಯಾಕೆ ಅಂದ್ರೆ... ಶನಿವಾರ ಬರ್ಲಿ ಅಂತ ವಾರವೆಲ್ಲಾ ಕಾಯ್ತೀನಿ ನಾನು. ನೀವು ಕೆಮ್ಮಿದ್ರೂ ನನಗೆ ಇಂಪಾಗಿ ಕೇಳಿಸುತ್ತೆ. ಇಂಥವನು ಆರಿಸಿದ್ರೆ ಅದು ದಯೆ ಆಗುತ್ತೆ, ಆಯ್ಕೆ ಆಗಲ್ಲ. ಸಿಕ್ಕಿದ್ರೆ ನಿಮ್ಮ ಗಂಟಲಿಗೇ ಸಿಗ್ಬೇಕು. ಪಿಯಾನೋದವನ ಪ್ರೀತಿಗೆ ಸಿಕ್ಕಿತು ಅಂತ ಯಾರೂ ಹೇಳಬಾರದು. ನೀವೂ ಅಂದ್ಕೋಬಾರದು."

'ಪ್ರೀತಿ... ಪ್ರೀತಿ ಅಂದನಾ ಇವನು?'

"ಹಾಗಾದ್ರೆ ನನಗೆ ಪಾತ್ರ..."

"ನನಗೆ ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ನಾನು ಬಂದಿದ್ದು ಅದನ್ನ ಹೇಳೋಕಲ್ಲ. ಪಾತ್ರ ಸಿಕ್ಲಿ ಬಿಡ್ಲಿ, ನನ್ನ ಮಾತು ಇಷ್ಟೇ. ನೀವಂದ್ರೆ ನನಗೆ ಪ್ರಾಣ."

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೈಕಿಲ ಮನೆತನದ ನಾಲಿಗೆಯಲ್ಲವೇ... ಹೊರಗೆ ಬಂದದ್ದು ಬೇರೆಯೇ ಮಾತು.

"ನನಗೆ... ಹಿಂದಿನ ಸೀಟು ಗುಡಿಸೋದು ಬಾಕಿ ಇದೆ."

ಅವನ ಮುಖ ಸಪ್ಪಗಾಯಿತು. ಆದರೂ ನಕ್ಕ. "ಗುಡಿಸಿ. ಸಂಜೆ ಬನ್ನಿ ಸೈಮಿ. ನಿಮ್ಮ ಹೆಸರು ಓದ್ಲಿ, ಬಿಡ್ಲಿ. ಕೇಳ್ಕೊಂಡೋರು ಉತ್ತರ ಕೇಳೋಕೆ ಬರ್ಬೇಕು."

ಅವನು ಇಳಿದು ಹೋದ. ಸೈಮಿ ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸಿದಳು.

ಸಂಜೆ ಫೈರ್ ಸ್ಟೇಷನ್ ಗಿಜಿಗುಡುತ್ತಿತ್ತು. ಪಾತ್ರಗಳನ್ನು ಸಾರುವ ದಿನ ಊರಿಗೆ ಊರೇ ಬರುತ್ತದೆ. ಸೈಮಿ ತಡವಾಗಿ ಬಂದು ಗೋಡೆಗೆ ಒರಗಿ ನಿಂತಳು. ಅಮ್ಮ ಹಿಲ್ಯಾ ಎಂದಿನಂತೆ ಕೊನೆಯ ಸಾಲಿನಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತಿದ್ದಳು. ರಸೆಲ್ ಪಿಯಾನೋದ ಹತ್ತಿರವಿದ್ದ. ನೋಡಿದವನು ಈ ಸಲ ಕಣ್ಣು ತಪ್ಪಿಸಲಿಲ್ಲ.

ವರ್ನಾ ನಾಟಕದಿಂದ ನಾಟಕಕ್ಕೆ ಹೆಸರು ಓದುತ್ತಾ ಹೋದಳು. ಕೊಲೆಗಾರ ಯಾರೆಂದು ತಿಳಿದು ಎಲ್ಲರೂ ನಕ್ಕರು. ಮಕ್ಕಳು ಕುಣಿದವು. ಕೊನೆಗೆ ಮ್ಯೂಸಿಕಲ್. ಕಾಲ್‌ಬ್ಯಾಕ್‌ಗೆ ಹೋಗಿದ್ದ ಮೂವರಲ್ಲಿ ಒಬ್ಬಳು ತಂಗಿಯ ಪಾತ್ರಕ್ಕೆ, ಇನ್ನೊಬ್ಬಳು ಅಂಗಡಿಯವಳ ಪಾತ್ರಕ್ಕೆ, ಮತ್ತೊಬ್ಬಳು ಪಾದ್ರಿಯ ಹೆಂಡತಿಯ ಪಾತ್ರಕ್ಕೆ.

'ಮೂವರೂ ಆದ್ರು... ಹಾಗಾದ್ರೆ...'

"ಇನ್ನು ದೀಪಸ್ತಂಭದ ಹೆಂಗಸು," ಎಂದು ವರ್ನಾ ಕನ್ನಡಕ ತೆಗೆದು, ಬೇಕೆಂದೇ ನಿಧಾನವಾಗಿ ಒರೆಸಿಕೊಂಡಳು. "ಈ ಪಾತ್ರಕ್ಕೆ ನಾವು ಯಾರನ್ನೂ ಎರಡನೇ ಸಲ ಕರೀಲಿಲ್ಲ. ಮೊದಲ ಹಾಡಿಗೇ ನಂಗೂ ಆರ್ವೋಗೂ ಕಣ್ಣಲ್ಲಿ ನೀರು ಬಂದಿತ್ತು. ಇನ್ನು ಕರ್ದು ನೋಡೋದೇನಿತ್ತು? ಇದನ್ನ ಊರಿಗೆಲ್ಲ ಹೇಳಿಕೊಡೋ ಮಹಾರಾಯ್ತಿಗೆ ಮಾತ್ರ ಗೊತ್ತಾಗ್ಲಿಲ್ಲ! ಸೈಮಿ ಹೈಕಿಲ! ಬಾರೇ ಮುಂದೆ. ಬಂದು ನಿನ್ನ ಬೀಗದಕೈ ತಗೋ."

ಚಪ್ಪಾಳೆಯ ಸದ್ದಿಗೆ ಸೂರು ಹಾರಿಹೋಗುವಂತಿತ್ತು. ಸೈಮಿ ಹೇಗೆ ಮುಂದೆ ಬಂದಳೋ ಅವಳಿಗೇ ತಿಳಿಯದು. ತಿರುಗಿ ನೋಡಿದರೆ ಅಷ್ಟೊಂದು ಮುಖಗಳು! ಅವಳನ್ನೇ ನೋಡುತ್ತಿವೆ, ನಗುತ್ತಿವೆ. ಅತ್ತೇಬಿಟ್ಟಳು.

ಆ ಗದ್ದಲದಲ್ಲಿ ರಸೆಲ್ ಮೆಲ್ಲಗೆ ಪಿಯಾನೋ ಮುಚ್ಚಿ, ಹಾಳೆಗಳನ್ನು ಜೋಡಿಸಿಕೊಂಡು ಹೊರಟಿದ್ದ. ಅವಳ ಸಂಭ್ರಮದ ನಡುವೆ ತಾನು ಉತ್ತರಕ್ಕೆ ಕಾದು ನಿಲ್ಲುವುದು ಬೇಡವೆಂದು ಅವನ ಎಣಿಕೆ.

'ಹೋಗ್ತಿದ್ದಾನೆ. ಈಗಲೂ ಬಾಯಿ ಬಿಡದಿದ್ದರೆ...'

"ರಸೆಲ್, ನಿಲ್ಲಿ!"

ಅವನು ನಿಂತ. ಚಪ್ಪಾಳೆ ಸಹ ನಿಂತಿತು.

"ಒಂದು ಸಿಕ್ಕಿತು ನನಗೆ," ಎಂದಳು ಸೈಮಿ. "ಇನ್ನೊಂದೂ ಬೇಕು ಅಂದ್ರೆ... ಅತಿಯಾಸೆ ಆಗುತ್ತಾ?"

"ಕೇಳಿ ನೋಡಿ."

"ನೀವು..." ಮುಂದಿನದು ಅವಳಿಗೇ ಕೇಳಿಸಲಿಲ್ಲ.

ಆಗ ಹಿಂದಿನಿಂದ ಒಂದು ದನಿ ಬಂತು. ನಾಟಕಶಾಲೆಯಲ್ಲಿ ಯಾರೂ ಯಾವತ್ತೂ ಕೇಳಿರದ ದನಿ.

"ಜೋರಾಗಿ ಹೇಳೇ, ಮಗಳೇ! ಹಿಂದಿನ ಸಾಲಿಗೆ ಕೇಳಿಸ್ತಿಲ್ಲ!"

ಹಿಲ್ಯಾ ಎದ್ದು ನಿಂತಿದ್ದಳು. ಕೈಚೀಲವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಎಂಬತ್ತರ ಆ ಕೆನ್ನೆಗಳು ಕೆಂಪಾಗಿದ್ದವು.

ಸೈಮಿ ಅಮ್ಮನನ್ನು ನೋಡಿದಳು. ಕಣ್ಣೊರೆಸಿಕೊಂಡಳು. ಉಸಿರು ತುಂಬಿಕೊಂಡಳು.

"ನಂಗೆ ನೀನು ಬೇಕು, ರಸೆಲ್! ಶನಿವಾರಕ್ಕೆ ಮಾತ್ರ ಅಲ್ಲ. ಎಲ್ಲಾ ವಾರಕ್ಕೂ ಬೇಕು!"

"ಹಾಂ, ಈಗ ಕೇಳಿಸ್ತು," ಎಂದು ಹಿಲ್ಯಾ ಕೂತಳು.

ರಸೆಲ್‌ನ ಹಾಳೆಗಳೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿ. ಅವನು ಅವನ್ನು ತುಳಿದುಕೊಂಡೇ ಬಂದು ಅವಳ ಎರಡೂ ಕೈ ಹಿಡಿದ.

"ನಾಳೆ ಬೆಳಗ್ಗೆ ಸಿಗ್ತೀಯಾ?"

"ಬೆಳಗ್ಗೆ ಬಸ್ಸಿದೆ."

"ಬಸ್ಸಲ್ಲೇ ಬರ್ತೀನಿ."

"ಅದು ಶಾಲೆ ಮಕ್ಕಳಿಗೆ ಕಣೋ!"

"ಹಾಗಾದ್ರೆ ಯಾವಾಗ ಬರ್ಲಿ? ನೀನೇ ಹೇಳು."

ಸೈಮಿ ನಕ್ಕಳು. ಅವನ ಭುಜಕ್ಕೆ ಹಣೆ ಆನಿಸಿದಳು.

"ಬಂದಾಯ್ತಲ್ಲ. ಇನ್ನು ಹೋಗ್ಬೇಡ."